ಮಕ್ಕಳ ಕೈಗೆ ಸಿಗುವ ಗೋದಲಿ ಕೊಡಿಸಿ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್‌ಗೆ ಇನ್ನೂ ಸಮಯ ಇದೆ. ಆದರೂ ಮಕ್ಕಳಿಗೆ ಕೊಡಿಸುವ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ ತೋರಿಸುವ ಬೊಂಬೆಗಳ ಬಗ್ಗೆ ಈಗಲೇ ಬರೆಯುತ್ತಿದ್ದೇನೆ. ಡಿಸೆಂಬರ್ ಬಂದ ಮೇಲೆ ಕೇಕು, ಬಟ್ಟೆ, ನಕ್ಷತ್ರದ ಗಡಿಬಿಡಿಯಲ್ಲಿ ಈ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ನಾನು ರಾಮನಗರದಲ್ಲಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನಲ್ಲಿ ಚಿಕ್ಕ ಮಕ್ಕಳಿಗೆ ಧರ್ಮೋಪದೇಶದ ತರಗತಿ ತೆಗೆದುಕೊಳ್ಳುತ್ತೇನೆ. ಇನ್ನೂ ಸರಿಯಾಗಿ ಮಾತು ಬಾರದ ಪುಟಾಣಿಗಳಿಂದ ಹಿಡಿದು ಮೊದಲ ಪರಮಪ್ರಸಾದಕ್ಕೆ ತಯಾರಾಗುವ ಮಕ್ಕಳವರೆಗೆ ಬರುತ್ತಾರೆ. ಅವರನ್ನು ಕರೆದುಕೊಂಡು ಹೋಗಲು ಬರುವ ತಾಯಂದಿರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಟೀಚರ್, ಮಗೂಗೆ ದೇವರ ವಿಷಯ ತಿಳಿಯೋ ಥರ ಏನಾದ್ರೂ ಆಟದ ಸಾಮಾನು ಕೊಡಿಸಬೇಕು. ಯಾವುದು ತಗೊಳ್ಳಲಿ?"

ಮೊದಲೆಲ್ಲ ಈ ಪ್ರಶ್ನೆ ಇರಲಿಲ್ಲ. ಚರ್ಚ್ ಹಬ್ಬದ ಅಂಗಡಿಯಲ್ಲಿ ಜಪಸರ, ಪದಕ, ಚಿಕ್ಕ ಸ್ವರೂಪ (ಪ್ರತಿಮೆ), ಇಷ್ಟೇ ಸಿಗುತ್ತಿತ್ತು. ಈಗ ಫೋನಿನಲ್ಲಿ ಒಂದು ಸಲ ಹುಡುಕಿದರೆ ಸಾಕು, ರಾಶಿ ಬಂದು ಬೀಳುತ್ತದೆ. ಪ್ರಾರ್ಥನೆ ಹೇಳುವ ಕುರಿಮರಿ, ಪ್ಲಾಸ್ಟಿಕ್ ಕತ್ತಿ ಗುರಾಣಿ, ಸೂಜಿಗಲ್ಲು ಅಂಟಿಸಿದ ಗೋದಲಿ, ಜಲಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಿದ ನೋಹನ ನಾವೆ. ಕೆಲವಕ್ಕೆ ಸಾವಿರಾರು ರೂಪಾಯಿ ಬೆಲೆ. ಮನೆಯವರಿಗೆ ಒಳ್ಳೆಯ ಆಸೆಯೇ ಇದೆ, ಆದರೆ ಯಾವುದನ್ನು ನೋಡಿ ಕೊಳ್ಳಬೇಕು ಅನ್ನುವುದನ್ನು ಹೇಳುವವರಿಲ್ಲ. ಅದಕ್ಕೇ ಈ ಪತ್ರ.

ನಾನು ಎಲ್ಲರಿಗೂ ಕೊಡುವ ಉತ್ತರ ಒಂದೇ. ಮಗು ತಾನೇ ಎತ್ತಿ, ಇಟ್ಟು, ಸರಿಸಿ, ತನ್ನ ಬಾಯಿಂದ ಕಥೆ ಹೇಳಬಹುದಾದದ್ದನ್ನು ಕೊಡಿಸಿ. ಆಟಿಕೆಯೇ ಎಲ್ಲ ಹೇಳಿಬಿಟ್ಟರೆ ಮಗುವಿಗೆ ಕೆಲಸವೇ ಉಳಿಯುವುದಿಲ್ಲ. ಮುಟ್ಟಿದರೆ ಒಡೆಯುವಂಥದ್ದಾದರೆ ಮಗು ಕಲಿಯುವುದು ಹೆದರಿಕೆಯನ್ನು ಮಾತ್ರ.

ಮಾತಾಡುವ ಆಟಿಕೆಯ ವಿಷಯ ಮೊದಲು ಹೇಳುತ್ತೇನೆ. ನಮ್ಮ ತರಗತಿಯ ಒಬ್ಬ ಹುಡುಗನಿಗೆ ವಿದೇಶದಲ್ಲಿರುವ ಸಂಬಂಧಿಕರು ಮೆತ್ತನೆಯ ಕುರಿಮರಿ ಕಳಿಸಿದ್ದರು. ಹೊಟ್ಟೆ ಒತ್ತಿದರೆ ಇಂಗ್ಲಿಷಿನಲ್ಲಿ ಮಲಗುವ ಹೊತ್ತಿನ ಪ್ರಾರ್ಥನೆ ಹೇಳುತ್ತದೆ. ರಾತ್ರಿ ಅಜ್ಜಿ "ಬಾ ಕಂದ, ಪ್ರಾರ್ಥನೆ ಮಾಡೋಣ" ಎಂದು ಕರೆದರೆ ಅವನು, "ಕುರಿಮರಿ ಆಗ್ಲೇ ಮಾಡ್ತು ಅಜ್ಜಿ" ಎಂದು ಹೇಳಿ ಮಗ್ಗುಲಾಗಿ ಮಲಗಿದನಂತೆ. ಹುಡುಗ ತುಂಟತನ ಮಾಡಲಿಲ್ಲ. ಅವನ ಮಟ್ಟಿಗೆ ಪ್ರಾರ್ಥನೆ ಮುಗಿದಿತ್ತು. ನಮ್ಮ ಮನೆಗಳಲ್ಲಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಅಜ್ಜಿ ಶುರು ಮಾಡಿದರೆ ಮಕ್ಕಳು ತೊದಲುತ್ತಾ ಜೊತೆಗೆ ಸೇರುತ್ತಾರೆ. ಆ ತೊದಲು ಮಾತಿನಲ್ಲೇ ಕಲಿಕೆ ಇದೆ. ಬ್ಯಾಟರಿ ಹಾಕಿದ ಕುರಿಮರಿ ಅದನ್ನು ಕಿತ್ತುಕೊಂಡುಬಿಡುತ್ತದೆ. ಅದೂ ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ.

ಇನ್ನು ಗೋದಲಿ. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಇರುವುದು ಪ್ಲಾಸ್ಟರ್ ಆಫ್ ಪ್ಯಾರಿಸ್ ಬೊಂಬೆಗಳು. ವರ್ಷವೆಲ್ಲ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿರುತ್ತೇವೆ. ಡಿಸೆಂಬರ್‌ನಲ್ಲಿ ಇಳಿಸಿ, ಹುಲ್ಲು ಹಾಸಿ, ದೀಪ ಹಾಕಿ ಜೋಡಿಸುತ್ತೇವೆ. ಮಗು ಹತ್ತಿರ ಬಂದ ತಕ್ಷಣ "ಮುಟ್ಬೇಡ!" ಎನ್ನುತ್ತೇವೆ. ಬಾಲಯೇಸುವನ್ನು ನೋಡಲು ದೂರದಿಂದ ಬಂದ ಜ್ಞಾನಿಗಳಲ್ಲಿ ಕೈಮುರಿದ ಒಬ್ಬ, ಕಿವಿ ಹೋದ ಕತ್ತೆ ಎಲ್ಲರ ಮನೆಯಲ್ಲೂ ಇದ್ದೇ ಇರುತ್ತವೆ, ಹಾಗಾಗಿ ಆ ಹೆದರಿಕೆ ಸುಮ್ನೆ ಬಂದದ್ದಲ್ಲ.

ಆದರೆ ಗೋದಲಿ ಶುರುವಾದದ್ದು ಹೀಗಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಬೆಟ್ಟದೂರಿನಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸರು ಕ್ರಿಸ್‌ಮಸ್ ರಾತ್ರಿಗೆ ಒಂದು ಏರ್ಪಾಡು ಮಾಡಿಸಿದರು. ಮೇವಿನ ತೊಟ್ಟಿ, ಒಣಹುಲ್ಲು, ನಿಜವಾದ ಎತ್ತು, ನಿಜವಾದ ಕತ್ತೆ. ಸಾಲುಸಾಲು ಬೊಂಬೆಗಳಿರಲಿಲ್ಲ. ಊರಿನ ಜನ ಪಂಜು ಹಿಡಿದುಕೊಂಡು ಬಂದು ಅದರ ಸುತ್ತ ನಿಂತರು. ಯೇಸುಸ್ವಾಮಿ ಎಂಥ ಬಡತನದಲ್ಲಿ ಹುಟ್ಟಿದರು ಎಂಬುದನ್ನು ಕಣ್ಣಾರೆ ನೋಡಬೇಕು ಅನ್ನುವುದು ಫ್ರಾನ್ಸಿಸರ ಆಸೆ. ಹುಲ್ಲಿನ ವಾಸನೆ, ಎತ್ತಿನ ಉಸಿರು, ಎಲ್ಲ ಹತ್ತಿರದಿಂದ. ಪೋಪ್ ಫ್ರಾನ್ಸಿಸ್ ಅವರು 2019ರ ಡಿಸೆಂಬರ್ 1ರಂದು ಅದೇ ಊರಿಗೆ ಹೋಗಿ ಗೋದಲಿಯ ಬಗ್ಗೆ ಒಂದು ಪತ್ರಕ್ಕೆ ಸಹಿ ಹಾಕಿದರು. ಶುಭಸಂದೇಶಕ್ಕೆ, ಅಂದರೆ ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಭಾಗಕ್ಕೆ, ಸಂಬಂಧವೇ ಇಲ್ಲದ ಬೊಂಬೆಗಳನ್ನು ಮಕ್ಕಳು ಗೋದಲಿಗೆ ತಂದು ಸೇರಿಸುವುದನ್ನು ಅವರು ಅದರಲ್ಲಿ ಪ್ರೀತಿಯಿಂದಲೇ ನೆನೆಯುತ್ತಾರೆ. ಯೇಸು ತಂದ ಹೊಸ ಲೋಕದಲ್ಲಿ ಮನುಷ್ಯರಿಗೆ ಸೇರಿದ್ದಕ್ಕೆಲ್ಲ ಜಾಗ ಇದೆ ಎಂಬುದು ಅವರ ಮಾತಿನ ಸಾರ. ಆದ್ದರಿಂದ ನಿಮ್ಮ ಮಗ ಕುರುಬರ ಪಕ್ಕ ಕೆಎಸ್‌ಆರ್‌ಟಿಸಿ ಬಸ್ಸು ತಂದು ನಿಲ್ಲಿಸಿದರೆ ದಯವಿಟ್ಟು ಬೈಯಬೇಡಿ. ದೂರದ ಊರಿಂದ ಜನ ಬಾಲಯೇಸುವನ್ನು ನೋಡಲು ಬರಬೇಕಲ್ವಾ, ಅವನ ಲೆಕ್ಕದಲ್ಲಿ ಅದಕ್ಕೆ ಬಸ್ಸು ಬೇಕೇ ಬೇಕು.

ಆದ್ದರಿಂದ ಪ್ಲಾಸ್ಟರಿನ ಗೋದಲಿ ಮೇಜಿನ ಮೇಲೆ ಇರಲಿ. ಕೆಳಗೆ ಚಾಪೆಯ ಮೇಲೆ ಮಗುವಿನದ್ದೇ ಇನ್ನೊಂದು ಗೋದಲಿ ಇರಲಿ. ಮರದ್ದೋ ಬಟ್ಟೆಯದ್ದೋ ಆಗಿರಲಿ. ಆರೇಳು ಬೊಂಬೆ ಸಾಕು. ಮರಿಯಮ್ಮ, ಜೋಸೆಫರು, ಮಗು, ಒಬ್ಬ ಕುರುಬ, ಎರಡು ಕುರಿ, ಒಂದು ಕತ್ತೆ. ಮೂವರು ಜ್ಞಾನಿಗಳು ಇದ್ದರೆ ಅವರನ್ನು ಮೊದಲ ದಿನವೇ ಗೋದಲಿಯಲ್ಲಿ ನಿಲ್ಲಿಸಬೇಡಿ. ಅಡುಗೆಮನೆಯ ಕಿಟಕಿಯಿಂದ ಹೊರಡಿಸಿ. ದಿನಾ ಸ್ವಲ್ಪ ಸ್ವಲ್ಪ ಮುಂದೆ ಸರಿಸುವುದು ಮಗುವಿನ ಕೆಲಸ. ಜ್ಞಾನಿಗಳು ಬಂದದ್ದನ್ನು ನೆನೆಯುವ ಹಬ್ಬ ಜನವರಿ 6, ಆ ದಿನಕ್ಕೆ ಅವರು ಬಂದು ತಲುಪಲಿ. ಮಗುಯೇಸುವಿನ ಜಾಗವೂ ಡಿಸೆಂಬರ್ 24ರ ರಾತ್ರಿಯವರೆಗೆ ಖಾಲಿ ಇರಲಿ. ಕ್ರಿಸ್‌ಮಸ್‌ಗೆ ಮುಂಚೆ ಕಾಯುವ ಆಗಮನ ಕಾಲ ಅಂದರೆ ಏನು ಎಂದು ನಾನು ತರಗತಿಯಲ್ಲಿ ಎಷ್ಟೇ ವಿವರಿಸಿದರೂ, ಆ ಖಾಲಿ ತೊಟ್ಟಿಯನ್ನು ದಿನಾ ಬೆಳಿಗ್ಗೆ ಎದ್ದು ಬಗ್ಗಿ ನೋಡುವ ಮಗುವಿಗೆ ಅದು ತಾನಾಗಿ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಯಾವ ಗೋದಲಿ ಸೆಟ್ಟನ್ನು ನೋಡಿದರೂ ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು ಬಾಲಯೇಸು. ಚಿಕ್ಕ ಮಕ್ಕಳು ಮೊದಲು ಎತ್ತಿಕೊಳ್ಳುವುದೂ ಅದನ್ನೇ, ಬಾಯಿಗೆ ಹಾಕುವುದೂ ಅದನ್ನೇ. ಆಟಿಕೆ ಪರೀಕ್ಷೆ ಮಾಡುವವರ ಹತ್ತಿರ 3 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲದ ಒಂದು ಕೊಳವೆ ಇರುತ್ತದೆ. ಅದರೊಳಗೆ ಪೂರ್ತಿ ಇಳಿದುಹೋಗುವ ಯಾವ ವಸ್ತುವೂ 3 ವರ್ಷದೊಳಗಿನ ಮಗುವಿನ ಕೈಗೆ ಹೋಗಬಾರದು. ಸೂಜಿಗಲ್ಲು ಇರುವ ಸೆಟ್ಟಂತೂ ಚಿಕ್ಕ ಮಕ್ಕಳಿರುವ ಮನೆಗೆ ಬೇಡವೇ ಬೇಡ. ಎರಡು ಸೂಜಿಗಲ್ಲು ಹೊಟ್ಟೆಗೆ ಹೋದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದುಕೊಂಡು ಎಳೆಯುತ್ತವೆ, ಆಪರೇಷನ್ ಮಾಡಬೇಕಾಗಿ ಬರಬಹುದು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಕಾರ್ಖಾನೆ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಗೋದಲಿ ಸೆಟ್ಟುಗಳನ್ನು ಸಾಮಾನ್ಯವಾಗಿ ಮಾರುವುದು ಅಲಂಕಾರದ ಸಾಮಾನು ಎಂದು, ಆಟಿಕೆ ಎಂದಲ್ಲ. ಡಬ್ಬಿಯ ಮೇಲೆ ಮುದ್ದಾದ ಮಗುವಿನ ಚಿತ್ರ ಇದೆ ಎಂದು ನಂಬಬೇಡಿ, ತಿರುಗಿಸಿ ಹಿಂದೆ ಏನು ಬರೆದಿದೆ ಓದಿ.

ಬೊಂಬೆಗಳಿಂದ ಧರ್ಮ ಕಲಿಸುವುದು ನನ್ನ ತಲೆಯಲ್ಲಿ ಹುಟ್ಟಿದ್ದೇನಲ್ಲ. 1954ರಲ್ಲಿ ರೋಮ್‌ನಲ್ಲಿ ಸೋಫಿಯಾ ಕವಲ್ಲೆತ್ತಿ ಎಂಬ ಬೈಬಲ್ ವಿದ್ವಾಂಸೆ ಮತ್ತು ಜಾನ್ನಾ ಗೊಬ್ಬಿ ಎಂಬ ಮಾಂಟೆಸ್ಸೊರಿ ಶಿಕ್ಷಕಿ ಸೇರಿ ಒಂದು ಕ್ರಮ ಶುರು ಮಾಡಿದರು. ಮಕ್ಕಳು ತಾವೇ ಮುಟ್ಟಿ ಮಾಡಿ ಕಲಿಯಬೇಕು ಎಂದ ಮಾರಿಯಾ ಮಾಂಟೆಸ್ಸೊರಿ ಅವರು 1939ರಲ್ಲಿ ನಮ್ಮ ದೇಶಕ್ಕೇ ಬಂದು ಎರಡನೇ ಮಹಾಯುದ್ಧ ಮುಗಿಯುವವರೆಗೆ ಇಲ್ಲೇ ಇದ್ದು ಶಿಕ್ಷಕರಿಗೆ ತರಬೇತಿ ಕೊಟ್ಟವರು. ಅವರ ದಾರಿಯಲ್ಲೇ ಈ ಇಬ್ಬರೂ ನಡೆದರು. ಯೇಸು ಹೇಳಿದ ಒಳ್ಳೆಯ ಕುರುಬನ ಸಾಮತಿಗೆ, ಅಂದರೆ ದೃಷ್ಟಾಂತಕ್ಕೆ, ಅವರು ಇಟ್ಟುಕೊಂಡದ್ದು ಒಂದು ಮರದ ಬೇಲಿ, ಒಬ್ಬ ಕುರುಬ, ಕೆಲವು ಕುರಿಗಳು, ಇಷ್ಟೇ. ಶಿಕ್ಷಕಿ ನಾಲ್ಕು ಮಾತಿನಲ್ಲಿ ಓದುತ್ತಾಳೆ, ಬೊಂಬೆಗಳನ್ನು ನಿಧಾನವಾಗಿ ಸರಿಸುತ್ತಾಳೆ, ಆಮೇಲೆ ಎದ್ದು ಪಕ್ಕಕ್ಕೆ ಹೋಗುತ್ತಾಳೆ. ಮುಂದಿನದ್ದು ಮಗುವಿಗೆ ಬಿಟ್ಟದ್ದು. "ಕುರಿ ಅಂದರೆ ಯಾರು ಗೊತ್ತಾ? ನೀನೇ" ಎಂದು ಅವಳು ಹೇಳುವುದಿಲ್ಲ. ಮಗುವೇ ಒಂದು ದಿನ ಕಂಡುಕೊಳ್ಳುತ್ತದೆ.

ನಾನು ಇದನ್ನು ನಮ್ಮ ತರಗತಿಯಲ್ಲಿ ಮಾಡುತ್ತಾ ಬಂದಿದ್ದೇನೆ. ತರಗತಿಯಲ್ಲಿ ಬಾಯೇ ಬಿಡದ ಒಬ್ಬ ಹುಡುಗಿ ಇದ್ದಳು. ಅವಳು ಕುರಿಗಳನ್ನು ಒಂದೊಂದಾಗಿ ಬೇಲಿಯೊಳಗೆ ಸೇರಿಸಿ, ಕೊನೆಯ ಕುರಿಯನ್ನು ಹೊರಗೇ ಬಿಟ್ಟು, ಕುರುಬನನ್ನು ಬಾಗಿಲಲ್ಲಿ ನಿಲ್ಲಿಸಿ ಸುಮ್ಮನೆ ಕೂತಿದ್ದಳು. ನಾನು ಮಾತಾಡಲಿಲ್ಲ. ತುಂಬ ಹೊತ್ತಾದ ಮೇಲೆ ಅವಳೇ, "ಇದು ಬರೋ ತನಕ ಅವ್ನು ಬಾಗಿಲು ಹಾಕಲ್ಲ" ಎಂದಳು. ಆ ಒಳ್ಳೆಯ ಕುರುಬನ ಮಾತು ಬರುವ ಯೋಹಾನನ ಶುಭಸಂದೇಶದ ಹತ್ತನೇ ಅಧ್ಯಾಯವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪ್ರವಚನ ನಾನು ಕೇಳಿಲ್ಲ.

ಆ ಕುರಿಗಳು ಬಂದದ್ದು ಚನ್ನಪಟ್ಟಣದಿಂದ. ರಾಮನಗರದವರಿಗೆ ಅದು ಪಕ್ಕದ ಊರು. ಬೊಂಬೆನಾಡು ಎಂದು ಹೆಮ್ಮೆಯಿಂದ ಹೇಳುತ್ತೇವೆ, ಆದರೆ ನಮ್ಮ ಹಬ್ಬಕ್ಕೆ ಬೇಕಾದ ಬೊಂಬೆಯನ್ನು ಅಲ್ಲಿ ಮಾಡಿಸೋಣ ಎಂದು ಎಷ್ಟು ಜನ ಕ್ರೈಸ್ತರು ಯೋಚಿಸಿದ್ದೇವೆ? ನಾನು ಅಲ್ಲಿನ ಒಬ್ಬ ಹಿರಿಯ ಕುಶಲಕರ್ಮಿಯ ಹತ್ತಿರ ಹೋಗಿ ಕೂತು ಮಾಡಿಸಿಕೊಂಡೆ. ಒಣಗಿದ ಆಲೆ ಮರದ ತುಂಡನ್ನು ಲೇತ್ ಮಷೀನಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿ ತಾಗಿಸಿದರೆ ಬಿಳಿ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರುತ್ತದೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ಒಂದು ತುಂಡು ತಾಳೆ ಗರಿ ಹಿಡಿದು ಉಜ್ಜಿದರೆ ಕನ್ನಡಿಯಂಥ ಹೊಳಪು. ಕುಂಚ ಇಲ್ಲ, ಪೇಂಟಿನ ವಾಸನೆ ಇಲ್ಲ. ಅರಿಸಿನದ ಹಳದಿ, ನೀಲಿಗಿಡದ ನೀಲಿ ಹೀಗೆ ಗಿಡಮರದ ಬಣ್ಣಗಳನ್ನೇ ಬಳಸುವವರನ್ನು ಕೇಳಿ ಮಾಡಿಸಿದರೆ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿರುವ ಮನೆಯವರಿಗೂ ನೆಮ್ಮದಿ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತು (ಜಿಐ), ಅಂದರೆ ಆ ಊರಿನದ್ದೇ ಎಂಬ ಸರ್ಕಾರಿ ಮಾನ್ಯತೆ, ಸಿಕ್ಕಿದೆ. ಹಾಗಾಗಿ ಅದರ ನೋಂದಾಯಿತ ಬಳಕೆದಾರರಿಗೂ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ ಐಎಸ್‌ಐ ಗುರುತಿನ ಕಡ್ಡಾಯದಿಂದ ವಿನಾಯಿತಿ ಇದೆ. ಗುರುತು ಕಾಣಲಿಲ್ಲ ಎಂದು ಅಂಥವರ ಬೊಂಬೆಯನ್ನು ಬಿಟ್ಟು ಬರಬೇಡಿ.

ಲೇತ್‌ನಲ್ಲಿ ತಿರುಗಿಸಿ ಮಾಡುವುದರಿಂದ ಎಲ್ಲವೂ ಗುಂಡಗೇ ಬರುತ್ತದೆ. ಚಾಚಿದ ಕೈ, ದೇವದೂತರ ರೆಕ್ಕೆ, ಮುಖದ ಭಾವ ಇವೆಲ್ಲ ಬರುವುದಿಲ್ಲ. ಒಂದು ಉದ್ದ ಗುಂಡು, ಅದರ ಮೇಲೊಂದು ಚಿಕ್ಕ ಗುಂಡು, ಮರಿಯಮ್ಮ ಆಯಿತು. ದೊಡ್ಡವರಿಗೆ ಇದು ಕೊರತೆ ಅನಿಸಬಹುದು. ನನಗೆ ಇದೇ ಅದರ ದೊಡ್ಡ ಗುಣ. ಮುಖದಲ್ಲಿ ನಗು ಬರೆದಿದ್ದರೆ ಆ ಮರಿಯಮ್ಮ ಯಾವಾಗಲೂ ನಗುತ್ತಲೇ ಇರಬೇಕು. ಬರೆಯದೆ ಬಿಟ್ಟರೆ ಛತ್ರದಲ್ಲಿ ಜಾಗ ಸಿಗದಾಗ ಅವಳು ಅಳುತ್ತಾಳೆ, ಮಗು ಹುಟ್ಟಿದಾಗ ನಗುತ್ತಾಳೆ, ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ತಪ್ಪಿಸಿಕೊಂಡಾಗ ಗಾಬರಿಯಾಗುತ್ತಾಳೆ. ಎಲ್ಲವನ್ನೂ ಮಗುವೇ ಅವಳಿಂದ ಮಾಡಿಸುತ್ತದೆ.

ಬಣ್ಣದ ಮಾತೂ ಇದೆ. ಪೇಟೆಯಲ್ಲಿ ಸಿಗುವ ಸೆಟ್ಟುಗಳಲ್ಲಿ ಯೇಸುಸ್ವಾಮಿಗೆ ಹಾಲಿನಂಥ ಮೈ, ಹೊಂಬಣ್ಣದ ಕೂದಲು. "ಯೇಸುಸ್ವಾಮಿ ಫಾರಿನ್ನವರಾ ಟೀಚರ್?" ಎಂದು ಒಬ್ಬ ಹುಡುಗಿ ಕೇಳಿದ್ದಾಳೆ. ಬೆತ್ಲೆಹೇಮ್ ಇರುವುದು ಏಷ್ಯಾದಲ್ಲಿ, ಬಿಸಿಲಿನ ನಾಡಿನಲ್ಲಿ. ಅಲ್ಲಿ ಹುಟ್ಟಿದ ಯೆಹೂದಿ ಮಗುವಿಗೆ ಆ ಬಣ್ಣ ಎಲ್ಲಿಂದ ಬರಬೇಕು? ನಾನು ಮುಖಕ್ಕೆ ಕಂದು ಅರಗು ಹಾಕಿಸಿದೆ. ಮರಿಯಮ್ಮನಿಗೆ ನೀಲಿ, ತಲೆಯ ಮೇಲೆ ಸೆರಗಿನ ಹಾಗೆ ಒಂದು ಬಿಳಿ ಪಟ್ಟೆ. ವೇಳಾಂಗಣಿಯ ತಾಯಿಗೆ ಸೀರೆ ಉಡಿಸಿ ನೋಡಿದ ನಮಗೆ ಅದೇನೂ ಹೊಸದಲ್ಲ.

ಮಾಡಿಕೊಟ್ಟ ಆ ಹಿರಿಯರು ಮುಸ್ಲಿಮರು. ಚನ್ನಪಟ್ಟಣದಲ್ಲಿ ತಲೆಮಾರುಗಳಿಂದ ಈ ಕೆಲಸ ಮಾಡುವ ಮುಸ್ಲಿಂ ಮನೆಗಳು ಬಹಳ ಇವೆ. ನಾನು ಕಾಗದದ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದಾಗ ಅವರು, "ಮರಿಯಮ್ ಬೀಬಿ ಅಂತ ಹೇಳಿ ಟೀಚರಮ್ಮ, ನಮಗೆ ಗೊತ್ತು" ಎಂದರು. ಕುರಾನಿನಲ್ಲಿ ಆ ತಾಯಿಯ ಹೆಸರಿನದ್ದೇ ಒಂದು ಅಧ್ಯಾಯ ಇದೆ, ಹತ್ತೊಂಬತ್ತನೆಯದು. ಅಲ್ಲಿ ಹೆರಿಗೆ ನೋವು ಬಂದ ಮರಿಯಮ್ ಖರ್ಜೂರದ ಮರದ ಬುಡಕ್ಕೆ ಒರಗುತ್ತಾಳೆ, ಆ ಮರದಿಂದ ಅವಳಿಗೆ ಹಣ್ಣು ಉದುರುತ್ತದೆ. ಅದನ್ನು ಅವರು ನನಗೆ ಹೇಳಿದರು. ಬೊಂಬೆ ತರಲು ಹೋದಾಗ ನೋಡಿದರೆ ಚೀಲದಲ್ಲಿ ನಾನು ಹೇಳದ ಒಂದು ಮರ ಹೆಚ್ಚಿಗೆ ಇತ್ತು. ಕಂದು ಕಾಂಡ, ಮೇಲೆ ಹಸಿರು ಗೋಪುರದಂಥ ತಲೆ. "ಇದು ನನ್ನ ಕಡೆಯಿಂದ, ಮಕ್ಕಳಿಗೆ" ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮ ಬೈಬಲಿನಲ್ಲಿ ಈ ಮರ ಇಲ್ಲ. ಆದರೆ ಈಜಿಪ್ಟಿಗೆ ಓಡುವಾಗ ಖರ್ಜೂರದ ಮರ ಬಗ್ಗಿ ಮರಿಯಮ್ಮನಿಗೆ ಹಣ್ಣು ಕೊಟ್ಟಿತು ಎಂಬ ಕಥೆ ಕ್ರೈಸ್ತರಲ್ಲೂ ಹಿಂದಿನಿಂದ ಇದೆ. ನಮ್ಮ ಮಕ್ಕಳು ಕುರುಬನನ್ನು ಮಧ್ಯಾಹ್ನ ಆ ಮರದ ನೆರಳಿನಲ್ಲೇ ಮಲಗಿಸುತ್ತಾರೆ.

ಮರದ ಬೊಂಬೆಗೂ ನಮ್ಮ ಧರ್ಮಕ್ಕೂ ನಂಟು ಹಳೆಯದು. ಜರ್ಮನಿಯ ಎರ್ಟ್ಸ್ ಬೆಟ್ಟಗಳ ಸೈಫೆನ್ ಎಂಬ ಊರಿನವರು ಗಣಿ ಕೆಲಸ ಕಡಿಮೆಯಾದಾಗ ಮರದ ಆಟಿಕೆಗೆ ತಿರುಗಿದರು. ಅವರೂ ಲೇತ್ ಬಳಸುವವರೇ. ಮರದ ದೊಡ್ಡ ಬಳೆಯೊಂದನ್ನು ತಿರುಗಿಸುತ್ತಾ ಒಳಗೂ ಹೊರಗೂ ಕಡೆಯುತ್ತಾರೆ. ಆಮೇಲೆ ಆ ಬಳೆಯನ್ನು ಹೋಳು ಹೋಳಾಗಿ ಸೀಳಿದರೆ ಪ್ರತಿ ಹೋಳೂ ಒಂದು ಕುದುರೆ, ಇಲ್ಲವೇ ಒಂದು ಹಸು! ಹಾಗೆ ಮಾಡಿದ ಪ್ರಾಣಿಗಳನ್ನು ನೋಹನ ನಾವೆಯಲ್ಲಿ ತುಂಬಿ ದೇಶವಿದೇಶಕ್ಕೆ ಕಳಿಸುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಕಟ್ಟುನಿಟ್ಟಾದ ಮನೆಗಳಲ್ಲಿ ಭಾನುವಾರ ಬೇರೆ ಆಟಿಕೆಗಳನ್ನೆಲ್ಲ ಎತ್ತಿಡುತ್ತಿದ್ದರು, ನಾವೆಗೆ ಮಾತ್ರ ಅನುಮತಿ, ಬೈಬಲಿನ ಕಥೆ ಎಂಬ ಕಾರಣಕ್ಕೆ.

ನಾವೆ ಇಂದಿಗೂ ಒಳ್ಳೆಯ ಆಯ್ಕೆ. ನನ್ನ ಅಕ್ಕನ ಮಗಳನ್ನು ಪ್ರೊಟೆಸ್ಟೆಂಟರ ಸಿಎಸ್‌ಐ ಸಭೆಯ ಮನೆಗೆ ಕೊಟ್ಟಿದ್ದೇವೆ. ಅವರ ಮನೆಯಲ್ಲಿ ಸ್ವರೂಪಗಳನ್ನು ಇಡುವುದಿಲ್ಲ, ಬೊಂಬೆಯಲ್ಲಿ ದೇವರನ್ನು ತೋರಿಸುವುದು ಅವಳ ಮಾವನವರಿಗೆ ಹಿಡಿಸುವುದಿಲ್ಲ. ಅವರ ನಂಬಿಕೆಗೆ ನಾವು ಗೌರವ ಕೊಡಬೇಕು. ಹಾಗಾಗಿ ಆ ಮಗುವಿಗೆ ನಾವೆ ಮತ್ತು ಕುರಿಹಟ್ಟಿ ಕೊಟ್ಟೆ. ಈಗ ಮಾವನವರೇ ಮೊಮ್ಮಗನನ್ನು ಕೂರಿಸಿಕೊಂಡು ಆನೆ, ಒಂಟೆ ಹತ್ತಿಸುತ್ತಾರೆ.

ಆದರೆ ನಾವೆ ಕೊಡುವವರು ಒಂದು ಪ್ರಶ್ನೆಗೆ ತಯಾರಾಗಿರಬೇಕು. ಒಂದಲ್ಲ ಒಂದು ದಿನ ಮಗು ಕೇಳುತ್ತದೆ, "ಹತ್ತದೇ ಇದ್ದೋರೆಲ್ಲ ಏನಾದ್ರು?" ಡಬ್ಬಿಯಲ್ಲಿ ಎಲ್ಲ ಪ್ರಾಣಿಗಳೂ ನಗುತ್ತಿರುತ್ತವೆ, ಕಥೆಯಲ್ಲಿ ಮಾತ್ರ ಊರಿಗೆ ಊರೇ ಮುಳುಗಿದೆ. "ಅವರೆಲ್ಲ ಬೇರೆ ಊರಿಗೆ ಹೋದರು" ಎಂದು ಸುಳ್ಳು ಹೇಳಬೇಡಿ. ಸತ್ತರು ಎಂದೇ ಹೇಳಿ. ಅದು ದುಃಖದ ವಿಷಯ ಎಂದೂ ಹೇಳಿ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ದೇವರು ಮಾತು ಕೊಟ್ಟದ್ದಕ್ಕೇ ಕಾಮನಬಿಲ್ಲು ಎಂದು ಆದಿಕಾಂಡ ಹೇಳುತ್ತದೆ, ಅಲ್ಲಿಯವರೆಗೂ ಓದಿ. ಕೆಲವು ಸೆಟ್ಟುಗಳಲ್ಲಿ ಕಾಮನಬಿಲ್ಲೇ ಇರುವುದಿಲ್ಲ. ಕಾಗದದಲ್ಲಿ ಒಂದು ಮಾಡಿ ಅಂಟಿಸಿ.

ಆಟಿಕೆಯ ಮೇಲೆ ಏನು ಬರೆದಿದೆ ಎಂಬುದನ್ನೂ ನೋಡಿ. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರರ ಧರ್ಮಸುಧಾರಣೆಗೆ 500 ವರ್ಷ ತುಂಬುವ ಹೊತ್ತಿಗೆ ಜರ್ಮನಿಯಲ್ಲಿ ಪ್ಲೇಮೊಬಿಲ್ ಕಂಪನಿ ಪುಟ್ಟ ಲೂಥರ್ ಬೊಂಬೆ ಮಾಡಿತು. 2015ರಲ್ಲಿ ಬಂದ ಮೊದಲ 34,000 ಬೊಂಬೆಗಳು ಮೂರೇ ದಿನದಲ್ಲಿ ಖಾಲಿಯಾದವು. ಬೊಂಬೆಯ ಕೈಯಲ್ಲಿ ತೆರೆದ ಬೈಬಲ್. ಒಂದು ಪುಟದಲ್ಲಿ, ಯೆಹೂದ್ಯರ ಧರ್ಮಗ್ರಂಥವೂ ಆದ ಹಳೆಯ ಒಡಂಬಡಿಕೆ ಮುಗಿಯಿತು ಎಂದು ದಪ್ಪಕ್ಷರದಲ್ಲಿ, ಎದುರು ಪುಟದಲ್ಲಿ ಹೊಸ ಒಡಂಬಡಿಕೆ. ಯೆಹೂದ್ಯರ ಧರ್ಮವೇ ಮುಗಿದುಹೋಯಿತು ಎಂದು ಇದನ್ನು ಓದಬಹುದು ಎಂಬ ಆಕ್ಷೇಪ ಬಂತು. ಕಂಪನಿ 2017ರಲ್ಲಿ ಆ ಬರಹವನ್ನು ಬದಲಿಸಿತು. ಬೆರಳುದ್ದದ ಬೊಂಬೆಯ ಕೈಯಲ್ಲಿನ ಒಂದು ಪದಕ್ಕೆ ಅಷ್ಟು ಚರ್ಚೆ ಬೇಕಿತ್ತೇ ಎಂದರೆ, ಬೇಕಿತ್ತು. ಮಕ್ಕಳ ಮನಸ್ಸಿಗೆ ಇಳಿಯುವುದು ಅಂಥವೇ.

ಅದೇ ಕಾರಣಕ್ಕೆ ದೇವರ ಸರ್ವಾಯುಧ ಎಂದು ಮಾರುವ ಕತ್ತಿ, ಗುರಾಣಿ, ಶಿರಸ್ತ್ರಾಣದ ಸೆಟ್ಟು ಚಿಕ್ಕ ಮಕ್ಕಳಿಗೆ ಬೇಡ ಎನ್ನುತ್ತೇನೆ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ ಆರನೇ ಅಧ್ಯಾಯದ ಮಾತು ಅದು. ಅಲ್ಲಿ ಕತ್ತಿ ಅಂದರೆ ದೇವರ ವಾಕ್ಯ, ಗುರಾಣಿ ಅಂದರೆ ವಿಶ್ವಾಸ, ಕಾಲಿಗೆ ಹಾಕಿಕೊಳ್ಳುವುದು ಶಾಂತಿಯ ಶುಭಸಂದೇಶ. ಬರೆದವನು ಸ್ವತಃ ಸಂಕೋಲೆಯಲ್ಲಿದ್ದವನು. ಐದು ವರ್ಷದ ಹುಡುಗನಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಅವನು ಕತ್ತಿ ಹಿಡಿದು ತಂಗಿಯನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ಅದೂ ದೇವರ ಹೆಸರಿನಲ್ಲಿ. ಓದಿ ಅರ್ಥ ಮಾಡಿಕೊಳ್ಳುವ ವಯಸ್ಸಿಗೆ ಬರಲಿ.

ಮಂತ್ರಿಸಿದ ವಸ್ತು ಬೇರೆ, ಆಟದ ಸಾಮಾನು ಬೇರೆ ಎಂಬುದನ್ನು ಮಕ್ಕಳಿಗೆ ಶುರುವಿನಿಂದಲೇ ಹೇಳಿಕೊಡಿ. ಆಶೀರ್ವದಿಸಿದ ವಸ್ತುಗಳನ್ನು ಭಕ್ತಿಯಿಂದ ಕಾಣಬೇಕು, ಬೇರೆ ಕೆಲಸಕ್ಕೆ ಬಳಸಬಾರದು ಎಂದು ನಮ್ಮ ಕಥೋಲಿಕ ಧರ್ಮಸಭೆಯ ಕಾನೂನಿನ 1171ನೇ ನಿಯಮ ಹೇಳುತ್ತದೆ. ಗುರುಗಳು ಮಂತ್ರಿಸಿಕೊಟ್ಟ ಜಪಸರ ಗೊಂಬೆಯ ಕೊರಳಿನ ಸರ ಆಗಬಾರದು. ಹಾಗೆಂದು ಮಗುವನ್ನು ದೂರ ಇಡಬೇಕಾಗಿಲ್ಲ. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಹೋಗಿ ಬಂದವರ ಮನೆಯಲ್ಲೆಲ್ಲ ಕಿರೀಟ ಇಟ್ಟ ಬಾಲಯೇಸುವಿನ ಸ್ವರೂಪ ಇರುತ್ತದೆ. ಅದರ ಮೂಲ ಸ್ವರೂಪ ಪ್ರಾಗ್ ನಗರದಲ್ಲಿದೆ, 1628ರಲ್ಲಿ ಅಲ್ಲಿನ ಕಾರ್ಮೆಲ್ ಮಠಕ್ಕೆ ದಾನವಾಗಿ ಬಂದದ್ದು. ಅಲ್ಲಿ ಆಯಾ ಕಾಲದ ಪೂಜೆಯ ಬಣ್ಣಕ್ಕೆ ತಕ್ಕಂತೆ ಸಿಸ್ಟರುಗಳು ಅದಕ್ಕೆ ಬಟ್ಟೆ ಬದಲಿಸುತ್ತಾರೆ. ಮುಟ್ಟುವುದೂ ಇದೆ, ಭಕ್ತಿಯೂ ಇದೆ. ನಿಮ್ಮ ಮಗಳು ಬಾಲಯೇಸುವಿಗೆ ಅಂಗಿ ಹಾಕಬೇಕು ಎಂದು ಹಟ ಮಾಡಿದರೆ ಕೈ ತೊಳೆಸಿ, ಪಕ್ಕದಲ್ಲಿ ಕೂತು, ಅವಳ ಕೈಯಿಂದಲೇ ಹಾಕಿಸಿ. ಮಂಗಳೂರು ಕಡೆ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಮುಂಚೆ ಮಕ್ಕಳು ದಿನಾ ಹೂ ತಂದು ಬಾಲೆ ಮರಿಯಮ್ಮನ ಮುಂದೆ ಚೆಲ್ಲುತ್ತಾರೆ. ಅದೂ ಇಂಥದ್ದೇ ಕಲಿಕೆ.

ದುಡ್ಡಿಲ್ಲದವರು ಏನು ಮಾಡಬೇಕು ಎಂದು ಕೇಳಬಹುದು. ಶುಭಸಂದೇಶದ ಎಷ್ಟೋ ಸಾಮತಿಗಳು ಅಡುಗೆಮನೆಯಲ್ಲೇ ಇವೆ. ಸಾಸಿವೆ ಡಬ್ಬಿ ತೆಗೆದು ಮಗುವಿನ ಬೆರಳ ತುದಿಯ ಮೇಲೆ ಒಂದೇ ಕಾಳು ಇಡಿ. ದೋಸೆ ಹಿಟ್ಟು ರಾತ್ರಿ ಎಷ್ಟಿತ್ತು, ಬೆಳಿಗ್ಗೆ ಎಲ್ಲಿಗೆ ಬಂದಿದೆ ತೋರಿಸಿ, ಹುಳಿ ಹಿಟ್ಟಿನ ಸಾಮತಿ ಓದಿ. ಹತ್ತು ನಾಣ್ಯ ಎಣಿಸಿ ಒಂದನ್ನು ಬಚ್ಚಿಟ್ಟು, ದೀಪ ಹಚ್ಚಿ, ಕಸ ಗುಡಿಸಿ ಹುಡುಕಲಿ. ಸಿಕ್ಕಾಗ ಪಕ್ಕದ ಮನೆಯವರನ್ನೂ ಕರೆಯಲಿ, ಲೂಕನ ಹದಿನೈದನೇ ಅಧ್ಯಾಯದ ಹೆಂಗಸು ಕರೆದಳಲ್ಲ. ಯೇಸು ಸಮಾಧಿಯಿಂದ ಎದ್ದದ್ದನ್ನು ನೆನೆಯುವ ಪಾಸ್ಕ ಹಬ್ಬಕ್ಕೆ ಅರ್ಧ ತೆಂಗಿನ ಚಿಪ್ಪು ಬೋರಲು ಹಾಕಿ, ಬಾಯಿಗೆ ನಮ್ಮ ರಾಮನಗರದ ಬಂಡೆಯ ಒಂದು ಚೂರು ಇಟ್ಟರೆ ಸಮಾಧಿ ಆಯಿತು. ಭಾನುವಾರ ಬೆಳಿಗ್ಗೆ ಮಗು ಎದ್ದು ಬಂದು ಕಲ್ಲು ಉರುಳಿಸಿ ಒಳಗೆ ನೋಡಲಿ.

ಕೊನೆಯದಾಗಿ ಒಂದು ವಿನಂತಿ, ಇದು ಚರ್ಚುಗಳ ಗುರುಗಳಿಗೂ ಪಾಲನಾ ಸಮಿತಿಯವರಿಗೂ. ಹಬ್ಬದ ದಿನ ಚರ್ಚಿನ ಆವರಣದಲ್ಲಿ ಇಷ್ಟೊಂದು ಅಂಗಡಿಗೆ ಜಾಗ ಕೊಡುತ್ತೀರಿ. ಒಂದು ಮೇಜನ್ನು ಚನ್ನಪಟ್ಟಣದ ಬೊಂಬೆಯವರಿಗೆ ಕೊಡಿ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಬೆಂಗಳೂರು–ಮೈಸೂರು ವಾಹನಗಳು ಊರ ಹೊರಗಿನಿಂದಲೇ ಹೋಗುತ್ತಿವೆ. ಹಳೆಯ ರಸ್ತೆಯ ಬೊಂಬೆ ಅಂಗಡಿಗಳಿಗೆ ವ್ಯಾಪಾರ ಬಿದ್ದುಹೋಗಿದೆ. ನಮಗೆ ಬೊಂಬೆ ಬೇಕು, ಅವರಿಗೆ ಕೆಲಸ ಬೇಕು. ಹತ್ತು ಚರ್ಚುಗಳು ಸೇರಿ ಒಂದೇ ನಮೂನೆಯ ಗೋದಲಿ ಮಾಡಿಸಿದರೆ ಬೆಲೆಯೂ ಇಳಿಯುತ್ತದೆ. ಬಾಲಯೇಸುವನ್ನು ಮಾತ್ರ ದೊಡ್ಡದಾಗಿ, ಮಗುವಿನ ಮುಷ್ಟಿ ತುಂಬುವಷ್ಟು ಮಾಡಲು ಹೇಳಿ. ಮರ ಒಣಗಬೇಕು, ಕೈಕೆಲಸಕ್ಕೆ ಸಮಯ ಹಿಡಿಯುತ್ತದೆ. ಡಿಸೆಂಬರ್ ಮೊದಲ ವಾರ ಹೋಗಿ ಅವಸರ ಮಾಡಿದರೆ ಆಗುವುದಿಲ್ಲ. ಈ ತಿಂಗಳೇ ಹೇಳಿ ಮುಂಗಡ ಕೊಟ್ಟು ಬನ್ನಿ.

ಇಂತಿ,
ರಾಮನಗರದ ಒಬ್ಬ ನಿವೃತ್ತ ಶಿಕ್ಷಕಿ